ಐಸ್ ನೀರು ಕುಡಿಯದ ಅಮ್ಮ

ಮಸ್ಕತ್ತಿನ ನಡುಬೇಸಿಗೆಯಲ್ಲೂ ನನ್ನ ಅಮ್ಮ ಐಸ್ ನೀರು ಮುಟ್ಟುತ್ತಿರಲಿಲ್ಲ. ಹಮ್ರಿಯಾದ ನಮ್ಮ ಕಟ್ಟಡದ ತಾರಸಿಯ ಮೇಲಿದ್ದ ಟ್ಯಾಂಕು ಬಿಸಿಲಿಗೆ ಎಷ್ಟು ಕಾಯುತ್ತಿತ್ತೆಂದರೆ, ಮೇ ತಿಂಗಳು ಬಂತೆಂದರೆ ಗೀಸರ್ ಆಫ್ ಮಾಡಿ, ಅದರೊಳಗೆ ನಿಂತು ತಣಿದ ನೀರನ್ನೇ ಸ್ನಾನಕ್ಕೆ ಬಿಟ್ಟುಕೊಳ್ಳುತ್ತಿದ್ದೆವು. ಅಂಥ ಊರಿನಲ್ಲಿ ಅಮ್ಮ ಜೀರಿಗೆ ಹಾಕಿ ಕುದಿಸಿದ ನೀರನ್ನು ಹಿತ್ತಾಳೆ ಚೊಂಬಿನಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಸಂಜೆಯಾದ ಮೇಲೆ ಮೊಸರಿಲ್ಲ. ಹುಣಸೆಹಣ್ಣು ಜಾಸ್ತಿಯಾದ ಸಾರಿಲ್ಲ. ಸಾಸಿವೆ ಡಬ್ಬಿಯ ಪಕ್ಕದ ಪುಟ್ಟ ಡಬ್ಬಿಯಲ್ಲಿ ಜ್ಯೇಷ್ಠಮಧುವಿನ ತುಂಡು, ನಾಲ್ಕು ಕಾಳುಮೆಣಸು. ಅದನ್ನು ನಾನು ಮುಟ್ಟುವಂತಿರಲಿಲ್ಲ. ನನ್ನ ಲೋಟಕ್ಕೆ ಮಾತ್ರ ಐಸ್ ಟ್ರೇಯನ್ನು ತಾನೇ ತಿರುಚಿ ಮೂರು ತುಂಡು ಹಾಕಿಕೊಟ್ಟು, ನಾನು ಕುಡಿಯುವುದನ್ನು ನೋಡುತ್ತಾ ನಿಲ್ಲುತ್ತಿದ್ದಳು. ಅಪ್ಪ ಆಫೀಸಿನಿಂದ ಬೆವರಿಕೊಂಡು ಬಂದು ಫ್ರಿಜ್ಜಿನ ಮುಂದೆ ನಿಂತು ಒಂದು ಬಾಟಲಿ ಖಾಲಿ ಮಾಡಿ, ಅವಳ ಚೊಂಬನ್ನು ನೋಡಿ ರೇಗಿಸುತ್ತಿದ್ದರು.

“ಊಟಕ್ಕಿಲ್ಲದ ಉಪ್ಪಿನಕಾಯಿ ಕಣೇ ನಿನ್ನ ಗಂಟಲು. ಯಾರಿಗೆ ಅಂತ ಇಷ್ಟು ಜೋಪಾನ?”

“ಇರಲಿ ಬಿಡಿ. ಯಾವಾಗ ಯಾರು ಕರೀತಾರೋ ಯಾರಿಗೆ ಗೊತ್ತು?”

ಕರೆಯುವವರು ಯಾರು? ಒಂಬತ್ತನೇ ವಯಸ್ಸಿನಿಂದ ಇಪ್ಪತ್ತನಾಲ್ಕರವರೆಗೆ ಅಮ್ಮ ನಾಟಕ ಕಂಪನಿಯಲ್ಲಿದ್ದಳು. ಮೊದಲು ಬಾಲಕೃಷ್ಣನ ಪಾತ್ರ, ಆಮೇಲೆ ಸಖಿ, ಆಮೇಲೆ ಹಾಡುವ ನಾಯಕಿ. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಅವಳ ಹೆಸರು ಕುಮಾರಿ ವನಮಾಲಾ. ಮನೆಯಲ್ಲಿ ಬರೀ ವನಜಾಕ್ಷಿ. ಮೈಸೂರಿನ ಕಡೆಯೊಂದು ಊರಲ್ಲಿ ಕಂಪನಿ ಕ್ಯಾಂಪು ಹಾಕಿದ್ದಾಗ ಡ್ರಾಫ್ಟ್ಸ್‌ಮನ್ ಕೆಲಸದ ಅಪ್ಪ ಹದಿಮೂರು ಸಲ ಒಂದೇ ನಾಟಕ ನೋಡಿ, ಹದಿನಾಲ್ಕನೆಯ ಸಲ ಟಿಕೆಟ್ಟು ಕೊಳ್ಳದೆ ನೇರವಾಗಿ ಹಿಂಬಾಗಿಲಿಗೆ ಹೋಗಿ ಮದುವೆಯ ಮಾತೆತ್ತಿದರಂತೆ. ಅವರ ಮನೆಯವರು ಒಪ್ಪಲಿಲ್ಲ. ಮಸ್ಕತ್ತಿನ ಕೆಲಸ ಸಿಕ್ಕಿದ್ದೇ ತಡ, ಇಬ್ಬರೂ ಹೊರಟುಬಂದರು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ಅಪ್ಪ, “ಮದುವೆಗೆ ಮುಂಚೆ ಸಂಗೀತದ ಟೀಚರ್ ಆಗಿದ್ಲು” ಎನ್ನುತ್ತಿದ್ದರು. ಅಮ್ಮ ಇಲ್ಲವೆನ್ನುತ್ತಿರಲಿಲ್ಲ, ಹೌದೆಂದೂ ಅನ್ನುತ್ತಿರಲಿಲ್ಲ. ಎದ್ದು ಕಾಫಿ ತರಲು ಹೋಗುತ್ತಿದ್ದಳು. ಹದಿಮೂರು ಸಲ ಯಾವ ಹಾಡಿಗಾಗಿ ಹೋಗಿದ್ದರೋ ಅದನ್ನೇ ಮುಚ್ಚಿಡಲು ಅಪ್ಪನಿಗೆ ಮನಸ್ಸಾದರೂ ಹೇಗೆ ಬಂತು ಎಂದು ನನಗೆ ಬಹಳ ಕಾಲ ಸಿಟ್ಟಿತ್ತು. ಆಮೇಲೆ ನಾನು ಮಾಡಿದ್ದರ ಮುಂದೆ ಅವರದೇನು ಮಹಾ ಅನ್ನಿಸಿ ಆ ಸಿಟ್ಟು ತಾನಾಗಿಯೇ ಇಳಿಯಿತು.

ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆಯ ಮನೆ ಅದು. ಹಾಲಿನ ಕಿಟಕಿಯಲ್ಲಿ ಹಳೆಯ ಎಸಿ ಹಗಲೂ ಇರುಳೂ ಗುಂಯ್ ಎನ್ನುತ್ತಿತ್ತು. ಬಟ್ಟೆಯ ಕಪಾಟಿನ ಒಂದು ಖಾನೆಯೇ ದೇವರ ಮನೆ. ಆರತಿ ಬೆಳಗುವಾಗ ಅಪ್ಪನ ಶರ್ಟುಗಳಿಗೆ ಬೆಂಕಿ ತಗುಲದಂತೆ ನಾನು ಬಾಗಿಲು ಹಿಡಿದು ನಿಲ್ಲಬೇಕು. ಶುಕ್ರವಾರ ರಜೆ. ಎಣ್ಣೆಸ್ನಾನ, ಪುಳಿಯೋಗರೆ, ಆಮೇಲೆ ಅಪ್ಪನ ನಿದ್ದೆ. ಅಪ್ಪ ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಅಮ್ಮ ಪಾತ್ರೆ ತೊಳೆಯುತ್ತಾ ಹಾಡುತ್ತಿದ್ದಳು. ಎಸಿಯ ಗುಂಯ್‌ಕಾರಕ್ಕೇ ದನಿ ಕೂಡಿಸಿಕೊಳ್ಳುತ್ತಿದ್ದಳು. “ನಮ್ಮ ಎಸಿ ಐದೂವರೆ ಮನೆ ಶ್ರುತಿಗೆ ಒಂದು ಕೂದಲೆಳೆ ಕಮ್ಮಿ ಕಣೆ. ಒಳ್ಳೆ ಮೇಷ್ಟ್ರು ಸಿಕ್ಕಿದ್ರೆ ಸರಿ ಹೋಗ್ತಿತ್ತು” ಎಂದು ನಗುತ್ತಿದ್ದಳು. ನಮ್ಮ ಅಡುಗೆಮನೆಯ ಕಿಟಕಿಯೂ ಎದುರು ಮನೆಯ ಜೈನಾಬಿಯವರ ಅಡುಗೆಮನೆಯ ಕಿಟಕಿಯೂ ಕಟ್ಟಡದ ನಡುವೆ ಗಾಳಿಗಾಗಿ ಬಿಟ್ಟಿದ್ದ ಒಂದೇ ಕಿಂಡಿಗೆ ತೆರೆದುಕೊಳ್ಳುತ್ತಿದ್ದವು. ಜೈನಾಬಿ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡನದು ಕೆಳಗಿನ ರಸ್ತೆಯಲ್ಲಿ ಬಟ್ಟೆ ಅಂಗಡಿ. ಅಮ್ಮನ ದನಿ ನಿಂತಿತೋ, ಕಿಂಡಿಯಿಂದ ಅವರ ದನಿ ಬರುತ್ತಿತ್ತು.

“ಎಂತ ಅಕ್ಕ, ನಿಲ್ಲಿಸಿದ್ದು? ನಂದು ಮೀನು ಇನ್ನೂ ಅರ್ಧ ಉಂಟು ಮಾರಾಯ್ರೆ. ಇನ್ನೊಮ್ಮೆ ಹಾಡಿ.”

“ಅರ್ಥ ಆಗುತ್ತಾ ಜೈನಾಬಿ?”

“ಶಬ್ದ ಎಲ್ಲ ಅರ್ಥ ಆಗುದಿಲ್ಲ. ಕೇಳುವಾಗ ಹೊಟ್ಟೆ ತಣ್ಣಗೆ ಆಗ್ತದೆ.”

ಮಂಚದ ಕೆಳಗೊಂದು ತಗಡಿನ ಟ್ರಂಕಿತ್ತು. ಅದರಲ್ಲಿ ಬಣ್ಣ ಮಾಸಿದ ಕಿರೀಟ, ಗಾಜಿನ ಮಣಿಯ ಸೊಂಟಪಟ್ಟಿ, ಎಲ್ಲಕ್ಕಿಂತ ಕೆಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಶ್ರುತಿಪೆಟ್ಟಿಗೆ. ಕೈಯಲ್ಲಿ ತಿದಿ ಒತ್ತಿದರೆ ಒಂದೇ ಸ್ವರ ಹಿಡಿದು ಮೊರೆಯುವ, ಪುಸ್ತಕದ ಅಗಲದ ಮರದ ಪೆಟ್ಟಿಗೆ. ಅಮ್ಮ ಕಂಪನಿ ಬಿಟ್ಟ ದಿನ ಅಲ್ಲಿಯ ಹಾರ್ಮೋನಿಯಂ ಮೇಷ್ಟ್ರು ಕೊಟ್ಟದ್ದು. ನಾನು ಜ್ವರ ಬಂದು ಮಲಗಿದಾಗ ಮಾತ್ರ ಟ್ರಂಕು ತೆರೆದು ಕಥೆ ಹೇಳುತ್ತಿದ್ದಳು. ಒಮ್ಮೆ ನಾಟಕದಲ್ಲಿ ನಾಯಕ ಸತ್ತು ಇವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದನಂತೆ. ಇವಳದು ಶೋಕದ ಹಾಡು. ಜನ ಬಿಡಲೊಲ್ಲರು, ಏಳು ಸಲ ಒನ್ಸ್ ಮೋರ್. ಆರನೆಯದಕ್ಕೆ ಸತ್ತವನು, “ತಾಯೀ, ಸಾಕು ಮಾಡು, ಕಾಲು ಜೋಮು ಹಿಡಿದಿದೆ” ಎಂದು ಪಿಸುಗುಟ್ಟಿದನಂತೆ. ನಾನು ಜ್ವರದಲ್ಲೂ ಬಿದ್ದು ಬಿದ್ದು ನಗುತ್ತಿದ್ದೆ. ಆ ಕಥೆ ಕೇಳಬೇಕೆಂದೇ ಒಂದೆರಡು ಸಲ ಸುಳ್ಳು ಜ್ವರ ತಂದುಕೊಂಡದ್ದೂ ಉಂಟು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಕನ್ನಡದವರ ಕೂಟ ಒಂದು ನಾಟಕ ಆಡಲು ಹೊರಟಿತು. ಬರೆದವರೂ ಆಡಿಸುವವರೂ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಇಂಜಿನಿಯರ್ ಶ್ರೀಕಂಠ ಅಂಕಲ್. ರಾಜ್ಯ ಬಿಟ್ಟು ಹೋದ ರಾಜನಿಗಾಗಿ ಕೋಟೆ ಬಾಗಿಲಲ್ಲಿ ಕಾಯುವ ರಾಣಿಯ ಕಥೆ. ರಾಣಿಗೆ ಒಂದು ದೊಡ್ಡ ಹಾಡು. ಅದನ್ನು ಹಾಡುವವರೇ ಸಿಗದೆ ಅವರು ಒದ್ದಾಡುತ್ತಿದ್ದಾಗ, ಬಟ್ಟೆ ಅಂಗಡಿಗೆ ಪರದೆಯ ಬಟ್ಟೆ ಕೊಳ್ಳಲು ಹೋದವರಿಗೆ ಜೈನಾಬಿ, “ನಮ್ಮ ಎದುರು ಮನೆ ಅಕ್ಕ ಇದ್ದಾರಲ್ಲ!” ಎಂದು ಹೇಳಿಬಿಟ್ಟರು. ಶ್ರೀಕಂಠ ಅಂಕಲ್ ಮನೆಗೇ ಬಂದರು. ಅವರು ಹೋದ ಮೇಲೆ ಅಪ್ಪ ಅಮ್ಮನ ನಡುವೆ ಜಗಳ ಶುರುವಾಯಿತು. ಕೂಗಾಟದ ಜಗಳವಲ್ಲ, ಅನ್ನ ಬಡಿಸುವ ಸೌಟು ಪಾತ್ರೆಗೆ ಬಡಿಯುವ ಜಗಳ.

“ಸ್ಟೇಜ್ ಮೇಲೆ ನಿಂತ್ರೆ ಗೊತ್ತಾಗಿಬಿಡುತ್ತೆ ವನಜಾ. ಟೀಚರ್ ಹಾಗೆ ನಿಲ್ಲಲ್ಲ ನೀನು. ಆಫೀಸಿನವರೆಲ್ಲ ಬಂದಿರ್ತಾರೆ.”

“ಹನ್ನೆರಡು ವರ್ಷ ಟೀಚರ್ ಹಾಗೇ ನಿಂತಿದೀನಿ. ಒಂದು ಸಾಯಂಕಾಲ ರೀ. ಒಂದೇ ಒಂದು.”

ಅಪ್ಪ ತಟ್ಟೆಯಲ್ಲಿ ಬೆರಳಾಡಿಸುತ್ತಾ, “ಆಯ್ತು, ಹಾಡು. ನಂಗೂ ಕೇಳಿ ಯಾವ ಕಾಲವಾಯ್ತು” ಎಂದರು. ಅಮ್ಮ ಅಳಬಹುದೆಂದುಕೊಂಡೆ. ಅವಳು ಎರಡನೆಯ ಸಲ ಅನ್ನ ಬಡಿಸಿಕೊಂಡಳು.

ಪಕ್ಕವಾದ್ಯದವರು ಯಾರೂ ಸಿಗಲಿಲ್ಲ. ಟ್ರಂಕಿನಿಂದ ಶ್ರುತಿಪೆಟ್ಟಿಗೆ ಹೊರಬಂತು. ಅದನ್ನು ಹಿಡಿಯುವವಳು ನಾನು. ಮೂರು ವಾರ ಪ್ರತಿ ಸಂಜೆ ಹಾಲಿನಲ್ಲಿ ಎಸಿ ಆರಿಸಿ, ಬೆವರು ಸುರಿಸುತ್ತಾ ಅಭ್ಯಾಸ. ತಿದಿಯನ್ನು ಉಸಿರು ಬಿಟ್ಟಹಾಗೆ ಒತ್ತಬೇಕು, ಎಲ್ಲಿಯೂ ಕಡಿಯಬಾರದು. ನನಗದು ಬೇಗ ಬಂತು. ಆ ಮೂರು ವಾರ ಅಮ್ಮ ನನ್ನ ಜೊತೆ ಮಗಳ ಜೊತೆಯಂತೆ ಮಾತಾಡಲಿಲ್ಲ, ಜೊತೆಯ ಕೆಲಸಗಾರ್ತಿಯಂತೆ ಮಾತಾಡಿದಳು. ಅಷ್ಟು ಸುಖ ನನಗೆ ಮತ್ತೆ ಯಾವತ್ತೂ ಸಿಕ್ಕಿಲ್ಲ. ಕೊನೆಯ ದಿನ ಕಂಪನಿಯ ಪದ್ಧತಿಯೊಂದನ್ನು ಕಲಿಸಿದಳು.

“ನೋಡು ಪುಟ್ಟಿ, ಹಾಡು ಮುಗಿದ ಮೇಲೂ ನೀನು ಒತ್ತುತ್ತಾ ಇರಬೇಕು. ಜನ ಒನ್ಸ್ ಮೋರ್ ಅಂದ್ರೆ ನಾನು ನಿನ್ನ ಕಡೆ ನೋಡ್ತೀನಿ. ಶ್ರುತಿ ಇದ್ರೆ ಮತ್ತೆ ಹಾಡ್ತೀನಿ. ನೀನು ಪೆಟ್ಟಿಗೆ ಮುಚ್ಚಿದ್ರೆ ಒಳಗೆ ಬಂದ್ಬಿಡ್ತೀನಿ. ಪೆಟ್ಟಿಗೆ ಹಿಡಿದವರ ಮಾತೇ ಮಾತು.”

“ನಿಂಗೆ ಹಾಡಬೇಕು ಅನ್ನಿಸಿದ್ರೆ?”

“ಅನ್ನಿಸ್ತಾನೇ ಇರುತ್ತೆ. ಅದಕ್ಕೇ ಬೇರೆಯವರ ಕೈಲಿ ಕೊಟ್ಟಿರೋದು.”

ಇದೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ನಾಟಕದ ಹಿಂದಿನ ದಿನ ಸ್ಕೂಲಿನಲ್ಲಿ ಶ್ರೀಕಂಠ ಅಂಕಲ್ ಮಗಳು ಶುಭಾ ಊಟದ ಡಬ್ಬಿ ತೆರೆಯುತ್ತಾ ನಾಲ್ಕು ಜನರ ಮುಂದೆ ಇಂಗ್ಲಿಷಿನಲ್ಲಿ ಕೇಳಿದಳು: ನಿಮ್ಮಮ್ಮ ಡ್ರಾಮಾ ಕಂಪನಿಯವಳಂತೆ, ಹೌದಾ? ಟೆಂಟಿನಲ್ಲಿ ಇರ್ತಿದ್ದಳಂತೆ? ಗಂಡಸರೆಲ್ಲ ವಿಷಲ್ ಹೊಡೀತಿದ್ರಂತೆ? ಅವಳಮ್ಮ ಊರಿನಿಂದ ಬಂದ ಪತ್ರದಲ್ಲಿ ತಿಳಿದುಕೊಂಡಿದ್ದರು. ನಾನು ತಡವರಿಸದೆ, ಇಲ್ಲ, ನನ್ನಮ್ಮ ಸಂಗೀತದ ಟೀಚರ್ ಎಂದೆ. ಅಪ್ಪನ ಸುಳ್ಳು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂತು. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಲಿಲ್ಲ. ಅಮ್ಮನ ಬಗ್ಗೆ ನಾಚಿಕೆಯಾಯಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಶುಕ್ರವಾರ ಸಂಜೆ. ಒಂದು ಶಾಲೆಯ ಸಭಾಂಗಣ. ಮುಂದಿನ ಸಾಲುಗಳಲ್ಲಿ ಆಫೀಸಿನವರು, ರೇಷ್ಮೆ ಸೀರೆಯ ಆಂಟಿಯರು, ಶುಭಾ ಮತ್ತು ಅವಳಮ್ಮ. ಹಿಂದೆ, ಬಾಗಿಲ ಹತ್ತಿರ, ಜೈನಾಬಿ, ಅವರ ಗಂಡ, ಹಮ್ರಿಯಾದ ಅಂಗಡಿಗಳ ಹತ್ತಿಪ್ಪತ್ತು ಜನ. ನಾನು ಪರದೆಯ ಮಗ್ಗುಲಲ್ಲಿ ಚಾಪೆಯ ಮೇಲೆ, ತೊಡೆಯ ಪಕ್ಕ ಪೆಟ್ಟಿಗೆ. ಅಮ್ಮ ಕೋಟೆ ಬಾಗಿಲಿಗೆ ಒರಗಿ ನಿಂತು ಹಾಡಿದಳು. ಅಪ್ಪನ ಮಾತಿಗೆ ಬೆಲೆ ಕೊಟ್ಟು ಟೀಚರ್ ಹಾಗೆಯೇ ನಿಂತಿದ್ದಳು, ಕೈಯಾಡಿಸದೆ, ನೆಲ ನೋಡುತ್ತಾ. ಆದರೆ ದನಿಯನ್ನು ಹಾಗೆ ನಿಲ್ಲಿಸಿಕೊಳ್ಳಲು ಬರುತ್ತದೆಯೇ? ಮನೆಯಲ್ಲಿ ನಾನು ಕೇಳಿದ್ದು ಅದರ ಕಾಲುಭಾಗವೂ ಅಲ್ಲ. ಮೈಕು ಒಂದು ಸಲ ಕಿರ್ರೆಂದು ಸುಮ್ಮನಾಯಿತು. ಅದರ ಅಗತ್ಯವೂ ಇರಲಿಲ್ಲ. ಹಾಡು ಮುಗಿಯಿತು. ಆಮೇಲೆ ಹಿಂದಿನಿಂದ ಜೈನಾಬಿಯ ದನಿ, ಗಂಟಲು ಹರಿಯುವ ಹಾಗೆ.

“ಒನ್ಸ್ ಮೋರ್, ಅಕ್ಕಾ! ಒನ್ಸ್ ಮೋರ್!”

ಅಂಗಡಿಯವರೆಲ್ಲ ಎದ್ದು ನಿಂತು ಕೂಗಿದರು. ಯಾರೋ ಸಿಳ್ಳೆ ಹೊಡೆದರು. ಆ ಸಿಳ್ಳೆ ಕೇಳಿದ್ದೇ ಅಮ್ಮ ಬದಲಾದಳು. ಬೆನ್ನು ನೆಟ್ಟಗಾಯಿತು. ಒಂದು ಕೈ ಸೊಂಟಕ್ಕೆ ಹೋಯಿತು, ಹುಬ್ಬು ಮೇಲೇರಿತು, ಎರಡು ಹೆಜ್ಜೆ ಮುಂದೆ ಬಂದು ರಂಗದ ಅಂಚಿನಲ್ಲಿ ಓರೆಯಾಗಿ ನಿಂತಳು. ಕುಮಾರಿ ವನಮಾಲಾ. ನಾನು ಅವಳನ್ನು ಅದೇ ಮೊದಲು ನೋಡಿದ್ದು. ಮುಂದಿನ ಸಾಲಿನಲ್ಲಿ ಶುಭಾಳ ಅಮ್ಮ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶುಭಾ ನನ್ನ ಕಡೆ ನೋಡಿ ನಕ್ಕಳು. ಅಮ್ಮ ನಿಧಾನವಾಗಿ ಮುಖ ತಿರುಗಿಸಿ ನನ್ನ ಕಡೆ ನೋಡಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅಷ್ಟು ಆಸೆಯಿಂದ ಯಾರೂ ನನ್ನನ್ನು ಅದುವರೆಗೆ ನೋಡಿರಲಿಲ್ಲ. ನಾನು ತಿದಿಯನ್ನು ಒಳಕ್ಕೆ ಒತ್ತಿ, ಪೆಟ್ಟಿಗೆ ಮುಚ್ಚಿ, ಕೊಂಡಿ ಹಾಕಿದೆ.

ಅಮ್ಮ ಸೊಂಟದ ಕೈ ತೆಗೆದು, ಜನಕ್ಕೆ ಕೈ ಮುಗಿದು, ಒಳಗೆ ಬಂದಳು. ನನ್ನನ್ನು ದಾಟಿ ಹೋಗುವಾಗ ತಲೆ ಸವರಿದಳು. ಹೊರಗೆ ಇನ್ನೂ ಕೂಗುತ್ತಿದ್ದರು. ಏನಾಯಿತೆಂದು ಶ್ರೀಕಂಠ ಅಂಕಲ್ ಓಡಿಬಂದರೆ, “ಪೆಟ್ಟಿಗೆ ಕೈಕೊಟ್ಟುಬಿಡ್ತು ಸರ್, ಹಳೇದು” ಎಂದಳು. ಜೈನಾಬಿಗೂ ಅದನ್ನೇ ಹೇಳಿದಳು. ಅಪ್ಪನಿಗೂ ಅದನ್ನೇ.

ಅಪ್ಪ ಮುಂದಿನ ವಾರ ಪೆಟ್ಟಿಗೆಯನ್ನು ರುವಿಯ ರಿಪೇರಿ ಅಂಗಡಿಗೆ ಒಯ್ದರು. ವಾಪಸು ತಂದು ಊಟದ ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡರು.

“ಏನೂ ಆಗಿಲ್ಲವಂತಲ್ಲೇ ಇದಕ್ಕೆ. ಖಲಾಸ್, ತಗೊಂಡ್ ಹೋಗಿ ಅಂದ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ನಾನು ಹಾಗೆ ನನ್ನ ಕೈಗಳನ್ನೇ ನೋಡಿಕೊಂಡೆ. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದವಳು ತಲೆಯೆತ್ತಲಿಲ್ಲ.

“ಇವತ್ತು ಸರಿ ಇರಬಹುದು ರೀ. ಅವತ್ತು ಇರಲಿಲ್ಲ.”

ಪೆಟ್ಟಿಗೆ ಟ್ರಂಕಿಗೆ ವಾಪಸು ಹೋಗಲಿಲ್ಲ. ಅಮ್ಮ ಅದನ್ನು ನಾನು ಸ್ಕೂಲ್ ಬ್ಯಾಗ್ ಇಡುತ್ತಿದ್ದ ತಗ್ಗಿನ ಹಲಗೆಯ ಮೇಲೆ, ಬ್ಯಾಗಿನ ಪಕ್ಕದಲ್ಲೇ ಇಟ್ಟಳು. ದಿನಾ ಬೆಳಿಗ್ಗೆ, ದಿನಾ ಮಧ್ಯಾಹ್ನ ಅದು ನನ್ನ ಕಣ್ಣಿಗೆ ಬೀಳಬೇಕು. ಬಾಯಿಬಿಟ್ಟು ಬೈಯದೆ ಹೀಗೆ ಚುಚ್ಚುತ್ತಿದ್ದಾಳೆ ಎಂದುಕೊಂಡು ನನಗೆ ಅವಳ ಮೇಲೆಯೇ ಕೋಪ. ಒಂದು ದಿನ ಹಳೆಯ ಟವೆಲ್ ತಂದು ಅದರ ಮೇಲೆ ಮುಚ್ಚಿದೆ. ಅಮ್ಮ ಟವೆಲ್ ತೆಗೆಯಲಿಲ್ಲ, ಒಗೆದು ಮಡಿಸಿ ಮತ್ತೆ ಅಲ್ಲೇ ಹಾಕಿದಳು. ಅಡುಗೆಮನೆಯ ಹಾಡು ನಿಂತಿತ್ತು. ಕಿಂಡಿಯಿಂದ ಜೈನಾಬಿ, “ಎಂತ ಅಕ್ಕ, ನಮ್ಮ ಮೇಲೆ ಸಿಟ್ಟಾ? ನಾನು ಹಾಗೆ ಬೊಬ್ಬೆ ಹೊಡೀಬಾರದಿತ್ತಾ?” ಎಂದು ಎಷ್ಟೋ ಸಲ ಕೇಳಿದರು. ಅಮ್ಮ, “ಛೆ ಛೆ, ಗಂಟಲು ಸರಿಯಿಲ್ಲ ಜೈನಾಬಿ” ಎನ್ನುತ್ತಿದ್ದಳು. ತನ್ನ ಕೂಗಿನಿಂದಲೇ ಹಾಡು ನಿಂತಿತೆಂದು ಆ ಹೆಂಗಸು ಕೊನೆಯವರೆಗೂ ನಂಬಿದ್ದರು. ಅವರ ಕುಟುಂಬ ಇಬ್ರಾ ಎಂಬ ದೂರದ ಊರಿಗೆ ಅಂಗಡಿ ಬದಲಾಯಿಸಿ ಹೊರಟಾಗಲೂ ನಾನು ನಿಜ ಹೇಳಲಿಲ್ಲ. ಅವರು ನನ್ನ ಗಲ್ಲ ಹಿಂಡಿ, “ಅಮ್ಮನಿಗೆ ಹಾಡ್ಲಿಕ್ಕೆ ಹೇಳು, ಆಯ್ತಾ?” ಎಂದು ಕಾರು ಹತ್ತಿದರು.

ಆಮೇಲೆ ಯಾವುದೋ ಒಂದು ಬೇಸಿಗೆಯ ಮಧ್ಯಾಹ್ನ, ಸ್ಕೂಲಿನಿಂದ ಬಂದಾಗ, ಅಮ್ಮ ಫ್ರಿಜ್ಜಿನ ಮುಂದೆ ನಿಂತಿದ್ದಳು. ಟ್ರೇ ತಿರುಚಿ ಮೂರು ತುಂಡು ಐಸು ಲೋಟಕ್ಕೆ ಹಾಕಿದಳು. ನನಗೆಂದು ಕೈ ಚಾಚಿದೆ. ಅವಳು ಲೋಟವೆತ್ತಿ ತಾನೇ ಗಟಗಟ ಕುಡಿದಳು. “ಅಬ್ಬ, ಏನ್ ಚೆನ್ನಾಗಿದೆ!” ಎಂದಳು. ಹಿತ್ತಾಳೆ ಚೊಂಬಿನಲ್ಲಿ ಮಾರನೆಯ ದಿನದಿಂದ ಪುದೀನ ಸೊಪ್ಪು ನಿಂತಿತು. ಹಲಗೆಯ ಮೇಲಿಂದ ಪೆಟ್ಟಿಗೆಯೂ ಮಾಯವಾಯಿತು, ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಹಲಗೆ ಖಾಲಿಯಾಯಿತೆಂದು ಹಗುರಾದೆ.

ಈಗ ನಾನೂ ಮಸ್ಕತ್ತಿನಲ್ಲೇ ಇದ್ದೇನೆ, ಅಲ್ ಗುಬ್ರಾದಲ್ಲಿ. ಬಾಲ್ಕನಿಯಿಂದ ಶ್ರೀಕಂಠ ಅಂಕಲ್ ಕೆಲಸ ಮಾಡುತ್ತಿದ್ದ ಆ ನೀರಿನ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಪ್ರತಿ ಚಳಿಗಾಲ ಮೈಸೂರಿನಿಂದ ಬಂದು ಮೂರು ತಿಂಗಳಿರುತ್ತಾಳೆ. ಈ ಸಲ ಬಂದಾಗ ಅವಳ ಸೂಟ್‌ಕೇಸನ್ನು ನನ್ನ ಮಗಳು ನಿಧಿ ಖಾಲಿ ಮಾಡುತ್ತಿದ್ದಳು. ಚಟ್ನಿಪುಡಿ, ಕೋಡುಬಳೆಯ ಕೆಳಗೆ ಕೆಂಪು ಬಟ್ಟೆಯ ಗಂಟು. “ವಾಟ್ ಈಸ್ ದಿಸ್, ಅಜ್ಜಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಂಡಿ ತೆಗೆದು ತಿದಿ ಒತ್ತಿಬಿಟ್ಟಳು. ಮನೆಯ ತುಂಬ ಆ ಸ್ವರ ಎದ್ದು ನಿಂತಿತು. ನಾನು ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲ ಬೇಕೆಂದು ಯಾರು ಚಿಂತಿಸುತ್ತಾರೆ? ನನ್ನ ಬಾಯಿಂದ ಮಾತು ತಾನಾಗಿ ಹೊರಬಂತು.

“ಅಮ್ಮ, ಅವತ್ತು ಪೆಟ್ಟಿಗೆ ಕೆಟ್ಟಿರಲಿಲ್ಲ. ನಾನೇ ಮುಚ್ಚಿದ್ದು.”

“ಗೊತ್ತು.”

“ಯಾಕೆ ಅಂತ ಒಂದು ದಿನಾನೂ ಕೇಳಲಿಲ್ಲ ನೀನು.”

“ಪೆಟ್ಟಿಗೆ ಹಿಡಿದವರನ್ನ ಯಾಕೆ ಮುಚ್ಚಿದ್ರಿ ಅಂತ ಕೇಳೋ ಹಾಗಿಲ್ಲ ಕಣೆ. ನಾನೇ ಅಲ್ವಾ ನಿಂಗೆ ಹೇಳಿಕೊಟ್ಟಿದ್ದು.”

“ಮನೇಲಾದ್ರೂ ಹಾಡಬಹುದಿತ್ತಲ್ಲಮ್ಮ. ಜೈನಾಬಿ ಅಷ್ಟು ಕೇಳಿದ್ರು.”

ಅಮ್ಮ ನಿಧಿಯ ಕೈಯನ್ನು ಹಿಡಿದು ತಿದಿಯ ಮೇಲೆ ಸರಿಯಾಗಿ ಕೂರಿಸಿದಳು. ಸ್ವರ ನೇರವಾಯಿತು.

“ನೀನು ಮತ್ತೆ ತೆಗೀತೀಯೇನೋ ಅಂತ ಕಾದೆ ಪುಟ್ಟಿ. ನಿನ್ನ ಕೈಗೆ ಸಿಗೋ ಹಾಗೇ ಬ್ಯಾಗಿನ ಪಕ್ಕ ಇಟ್ಟಿದ್ದೆ. ಎರಡು ಬೇಸಿಗೆ ಕಾದೆ. ನೀನು ಟವೆಲ್ ಮುಚ್ಚಿದ ಮೇಲೂ ಕಾದೆ. ಆಮೇಲೆ ಐಸ್ ನೀರು ಕುಡಿದೆ.”

ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ನಿಧಿ ಏನೂ ಅರ್ಥವಾಗದೆ, ನಿಲ್ಲಿಸಲೂ ತೋಚದೆ, ಒತ್ತುತ್ತಲೇ ಇದ್ದಳು. ಹಾಡು ಎಂದು ಕೇಳುವ ಮುಖ ನನಗಿರಲಿಲ್ಲ, ಆದರೂ ಅಮ್ಮನ ಮುಖವನ್ನೇ ನೋಡಿದೆ. ಅವಳು ಸ್ವರಕ್ಕೆ ಕಿವಿಗೊಟ್ಟು, ಗಂಟಲು ಸರಿಮಾಡಿಕೊಂಡು, ತುಟಿ ತೆರೆದಳು. ಒಂದು ಉಸಿರು ಬಂತು, ಅಷ್ಟೆ. ಕೆಮ್ಮಿದಳು. ನಾನು ಎದ್ದು ಓಡಿಹೋಗಿ, ಜೀರಿಗೆ ಹಾಕಿ ನೀರು ಕುದಿಸಿ, ಸ್ವಲ್ಪವೇ ಆರಿಸಿ, ಲೋಟದಲ್ಲಿ ತಂದುಕೊಟ್ಟೆ. ಅಮ್ಮ ಲೋಟವನ್ನು ಮುಟ್ಟಿ ನೋಡಿ ನಕ್ಕಳು.

“ಈಗ ಯಾಕೆ ಬಿಸಿನೀರು? ಹೋಗು, ಐಸ್ ಹಾಕ್ಕೊಂಡು ಬಾ.”